ಮಂಚದ ಮೇಲಿನ ರೀಟಾ

ರುಮೈಸಾ ಹಾಸಿಗೆಯ ಬಟ್ಟೆಯನ್ನು ಎರಡು ಸಲ ಕೊಡವಿ ಮಂಚದ ಮೇಲೆ ಬಿಟ್ಟಳು. ಅದು ಗಾಳಿ ತುಂಬಿಕೊಂಡು ಉಬ್ಬಿ, ಮೆಲ್ಲಗೆ ಕೂತಿತು. ತಲೆಯ ಕಡೆಯ ಅಂಚನ್ನು ಹಾಸಿಗೆಯ ಅಡಿಗೆ ತುರುಕಿದಳು. ಬದಿಗೆ ಇಳಿಬಿದ್ದ ಬಟ್ಟೆಯನ್ನು ಓರೆಯಾಗಿ ಎತ್ತಿ, ಮಡಚಿ, ಲಕೋಟೆಯ ಮೂಲೆಯ ಹಾಗೆ ಚೂಪಾಗಿ ಕಟ್ಟಿದಳು. ನಾಲ್ಕು ಮೂಲೆಗಳೂ ಆದ ಮೇಲೆ ಅಂಗೈಯನ್ನು ನಡುವಿನಿಂದ ಅಂಚಿಗೆ ಎಳೆದು ನೋಡಿದಳು. ಒಂದು ಸುಕ್ಕು ಕೈಗೆ ಸಿಕ್ಕಿತು. ಮಲಗಿದಲ್ಲೇ ಇರುವವರ ಬೆನ್ನಿಗೆ ಅಷ್ಟು ಸುಕ್ಕು ಸಾಕು, ನಾಲ್ಕು ದಿನದಲ್ಲಿ ಹುಣ್ಣು. ಮತ್ತೆ ಬಿಚ್ಚಿ, ಎಳೆದು ಕಟ್ಟಿದಳು. ಆಮೇಲೆ ಚಪ್ಪಲಿ ಬಿಟ್ಟು, ತಾನು ಹಾಸಿದ ಮಂಚವನ್ನು ತಾನೇ ಹತ್ತಿ ಮಲಗಿ, ಎಡಗೈ ಎಡಗಾಲುಗಳನ್ನು ಜೀವ ಹೋದ ಹಾಗೆ ಬಿಟ್ಟಳು.

ಅದು ಅವಳ ಕೆಲಸ.

ಕಂಕನಾಡಿಯ ಒಂದು ಮೆಡಿಕಲ್ ಶಾಪಿನ ಮೇಲಿನ ಮಾಳಿಗೆಯಲ್ಲಿ ಆ ಸೆಂಟರ್ ಇತ್ತು. ಇಸ್ರೇಲಿಗೆ ಹೋಗಿ ಅಲ್ಲಿನ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಅಲ್ಲಿ ನಾಲ್ಕು ತಿಂಗಳ ತರಬೇತಿ. ಕೊನೆಗೆ ಆ ದೇಶದ ಏಜೆನ್ಸಿಯವರು ವಿಡಿಯೋದಲ್ಲಿ ನೋಡಿ ಜನ ಆರಿಸುತ್ತಾರೆ. ಕಲಿಯಲು ಬರುವವರು ಹೆಚ್ಚಾಗಿ ಕ್ರಿಶ್ಚಿಯನ್ ಹುಡುಗಿಯರು. ರುಮೈಸಾ ಬಂದದ್ದು ಗುಡಿಸಿ ಒರೆಸಲು. ಅಭ್ಯಾಸಕ್ಕೆಂದು ತಂದಿದ್ದ ಪ್ಲಾಸ್ಟಿಕ್ ಬೊಂಬೆಯ ಸೊಂಟ ಮೊದಲ ಬ್ಯಾಚಿನಲ್ಲೇ ಮುರಿಯಿತು. ಹೊಸದು ತರಿಸುವ ಬದಲು ಸೆಂಟರಿನ ಯಜಮಾನ ವಿಶ್ವೇಶ ಸರ್, “ಏ ಹುಡುಗಿ, ಕಸಬರಿಗೆ ಬಿಟ್ಟು ಸ್ವಲ್ಪ ಹೊತ್ತು ಇಲ್ಲಿ ಮಲಗು” ಎಂದರು. ಅಂದಿನಿಂದ ಐದು ಬ್ಯಾಚಿನ ಹುಡುಗಿಯರು ಅವಳನ್ನು ಮಗ್ಗುಲು ಬದಲಿಸಿದ್ದಾರೆ, ಒರೆಸಿದ್ದಾರೆ, ಗಾಲಿಕುರ್ಚಿಗೆ ಎತ್ತಿ ಕೂರಿಸಿದ್ದಾರೆ, ಎರಡು ಸಲ ನೆಲಕ್ಕೂ ಕೆಡವಿದ್ದಾರೆ. ಹೀಗೆ ಮಲಗಿದಲ್ಲೇ ಅವಳು ಐದು ಸಲ ಅದೇ ಪಾಠ ಕೇಳಿದ್ದಾಳೆ.

“ರೋಗಿಗೆ ಕಣ್ಣು ಬಿಡ್ಲಿಕ್ಕೆ ಯಾರು ಹೇಳಿದ್ದು?” ವಿಶ್ವೇಶ ಸರ್ ಒಳಗೆ ಬರುತ್ತಲೇ ಕೇಳಿದರು. “ಸ್ಟ್ರೋಕ್ ಆದವಳು ನೀನು. ಮೀನು ಮಾರ್ಕೆಟಿನಲ್ಲಿ ಬಂಗುಡೆ ನೋಡಿದ ಹಾಗೆ ನೋಡ್ಬೇಡ.”

ಹುಡುಗಿಯರು ನಕ್ಕರು. ರುಮೈಸಾ ಕಣ್ಣು ಮುಚ್ಚಿದಳು.

ಆ ದಿನ ಮೊದಲು ಲಿಲ್ಲಿಯ ಸರದಿ. ತೆಳ್ಳಗಿನ ಹುಡುಗಿ, ಬಾಯಿ ಜೋರು. ಅವಳು ರುಮೈಸಾಳ ಕಂಕುಳಿಗೆ ಕೈ ಹಾಕಿ ಎಳೆದಳು. ಕಂಕುಳಿಗೆ ಕೈ ಹಾಕಬಾರದು, ಭುಜದ ಎಲುಬು ಜಾರುತ್ತದೆ. ಹೇಳಿದರೆ ಯಾರು ಕೇಳುತ್ತಾರೆ? “ಬಿರಿಯಾನಿ ತಿಂದು ತಿಂದು ಎಂತ ಭಾರ ಮಾರಾಯ್ತಿ ಇದು!” ಎಂದು ಲಿಲ್ಲಿ ಏದುಸಿರು ಬಿಟ್ಟಳು. ರುಮೈಸಾ ಚಾದರದ ಅಡಿಯಲ್ಲಿ ಬಲಗಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತಿ, ಸೊಂಟವನ್ನು ಒಂದಿಷ್ಟೇ ಎತ್ತಿಕೊಟ್ಟಳು. ಲಿಲ್ಲಿಯ ಕೈಯಲ್ಲಿ ಅವಳ ಮೈ ಹತ್ತಿಯಾಯಿತು.

“ಗುಡ್,” ಎಂದರು ವಿಶ್ವೇಶ ಸರ್.

ಎತ್ತುವವರೆಲ್ಲ ಅದು ತಮ್ಮದೇ ಬಲವೆಂದುಕೊಂಡಿದ್ದರು. ಗೊತ್ತಿದ್ದದ್ದು ವಾಮಂಜೂರಿನಿಂದ ಬರುವ ಡ್ಯಾಫ್ನಿಗೆ ಮಾತ್ರ. ಮೊದಲ ವಾರವೇ ಅವಳು ಕಿವಿಯ ಬಳಿ ಬಗ್ಗಿ, “ಥ್ಯಾಂಕ್ಸ್ ಆಯ್ತಾ” ಎಂದಿದ್ದಳು. ಮಧ್ಯಾಹ್ನ ಬುತ್ತಿ ತೆರೆದು ಪಕ್ಕದಲ್ಲಿ ಕೂರುವವಳೂ ಅವಳೊಬ್ಬಳೇ. ಹೀಬ್ರೂ ಶಬ್ದಗಳು ಮಂಡೆಗೆ ಹೋಗುವುದಿಲ್ಲ ಎಂದು ಡ್ಯಾಫ್ನಿ ಅಳುವಾಗ ರುಮೈಸಾ ಬಾಯಿಪಾಠ ಮಾಡಿಸುತ್ತಿದ್ದಳು. ಅವಳಿಗೆ ಅವು ಬೇಗ ಹತ್ತಿದ್ದವು. ಮದ್ರಸದಲ್ಲಿ ಕಲಿತ ಅರಬಿಗೂ ಇದಕ್ಕೂ ಅಕ್ಕತಂಗಿಯರ ಹೋಲಿಕೆ. ಕೈಗೆ ಅಲ್ಲೂ ಯದ್, ಇಲ್ಲೂ ಯದ್. ಮನೆಗೆ ಅಲ್ಲಿ ಬೈತ್, ಇಲ್ಲಿ ಬಾಯಿತ್. ಇದನ್ನು ಅವಳು ಡ್ಯಾಫ್ನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಎರಡು ತಿಂಗಳ ಹಿಂದೆ ಅವಳು ಕೆಲಸ ಬಿಡುತ್ತೇನೆ ಎಂದಿದ್ದಳು. ಮೂರು ದಿನ ಯೋಚಿಸಿ, ಸರ್ ಕೋಣೆಯ ಬಾಗಿಲ ಹೊರಗೆ ಅರ್ಧ ಗಂಟೆ ನಿಂತು, ಕೊನೆಗೆ ಒಳಗೆ ಹೋಗಿ ನೆಲ ನೋಡುತ್ತ ಹೇಳಿದ್ದಳು: “ಕೆಲಸ ನನಗೂ ಬರ್ತದೆ ಸರ್. ನನ್ನನ್ನೂ ಕಳಿಸುದಾದ್ರೆ ಇರ್ತೇನೆ.” ವಿಶ್ವೇಶ ಸರ್ ಮೊಬೈಲಿನಿಂದ ತಲೆ ಎತ್ತಿರಲಿಲ್ಲ. “ಆಯ್ತು ಮಾರಾಯ್ತಿ. ಪಾಸ್‌ಪೋರ್ಟ್ ಮಾಡಿಸು. ಈ ಬ್ಯಾಚಿನ ಇಂಟರ್‌ವ್ಯೂ ದಿನ ಕೊನೆಗೆ ನಿನ್ನನ್ನೂ ನಿಲ್ಲಿಸುವ.” ಅವಳು ಪಾಸ್‌ಪೋರ್ಟ್ ಮಾಡಿಸಿದಳು.

*

ಗುರುವಾರ ದೇಶದ ಕ್ಲಾಸು. ಗೋಡೆಗೆ ನಕ್ಷೆ ತೂಗಿಸಿ ವಿಶ್ವೇಶ ಸರ್ ತಾವೇ ತೆಗೆದುಕೊಳ್ಳುತ್ತಿದ್ದರು. ಬೆನ್ನುಹುಣ್ಣು ಬಾರದ ಹಾಗೆ ದಿಂಬು ಇಡುವ ಪಾಠ ಆಗಷ್ಟೇ ಮುಗಿದಿತ್ತು. ಮಧ್ಯಾಹ್ನಕ್ಕೂ ಅದೇ ಪಾಠ ಮುಂದುವರಿಯುವುದರಿಂದ ರುಮೈಸಾಳನ್ನು ಯಾರೂ ಏಳಿಸಲಿಲ್ಲ. ಅವಳು ಗೋಡೆಯ ಕಡೆ ಮಗ್ಗುಲಾಗಿ ಮಲಗಿಯೇ ಇದ್ದಳು.

“ಎರಡು ಸಾವಿರ ವರ್ಷ ಊರೂರು ಓಡಿಸಿಕೊಂಡ ಜನ ಇವರು,” ಎಂದರು ವಿಶ್ವೇಶ ಸರ್. “ಯುರೋಪಿನಲ್ಲಿ ಅರವತ್ತು ಲಕ್ಷ ಯಹೂದಿಗಳನ್ನು ಕೊಂದ್ರು. ಆಮೇಲೆ ಕಟ್ಟಿದ ದೇಶ. ಈ ದೇಶ ಯಹೂದಿಗಳದ್ದು ಅಂತ ಕಾನೂನಿನಲ್ಲೇ ಬರ್ದುಬಿಟ್ಟಿದ್ದಾರೆ. ನಮ್ಮ ಹಾಗೆ ಎಲ್ಲರಿಗೂ ಹಲ್ಲು ಗಿಂಜುದಿಲ್ಲ.”

“ಬೇರೆಯವರು ಇಲ್ವಾ ಸರ್ ಅಲ್ಲಿ?” ಡ್ಯಾಫ್ನಿ ಕೇಳಿದಳು.

“ಇದ್ದಾರಲ್ಲ, ಅರಬರು. ಐದರಲ್ಲಿ ಒಬ್ಬ ಅರಬ. ಅವರಿಗೆ ಓಟು ಉಂಟು, ಡಾಕ್ಟರ್ ಆಗ್ತಾರೆ, ಜಡ್ಜ್ ಆಗ್ತಾರೆ. ಎಂತ ಕಮ್ಮಿ ಮಾಡಿದ್ದಾರೆ? ಎಲ್ಲ ಸಮಾನ. ಮನೆ ಯಾರದ್ದು ಅಂತ ಗೊತ್ತಿಟ್ಟುಕೊಂಡು ಬದುಕ್ಬೇಕು, ಅಷ್ಟೇ. ಇಲ್ಲಿನ ಬೇವರ್ಸಿಗಳಿಗೂ ಯಾರಾದ್ರೂ ಅದನ್ನು ಕಲಿಸ್ಬೇಕಿತ್ತು.”

ಲಿಲ್ಲಿ ಕಿಸಕ್ಕೆಂದಳು. ಯಾರೋ ಮಂಚದ ಕಡೆ ನೋಡಿ ಅವಳನ್ನು ಚಿವುಟಿರಬೇಕು, ನಗು ಅರ್ಧಕ್ಕೆ ನಿಂತಿತು. ರುಮೈಸಾಳಿಗೆ ಕಂಡದ್ದು ಗೋಡೆಯ ಸುಣ್ಣ ಮಾತ್ರ.

ಪಾಠ ಹೇಳಿಕೊಡುವ ಒಲಿವಿಯಾ ಟೀಚರ್ ಕಿಟಕಿಯ ಬಳಿ ಕೂತಿದ್ದರು. ಹನ್ನೊಂದು ವರ್ಷ ಇಸ್ರೇಲಿನ ಹೈಫಾದಲ್ಲಿ ಒಂದೇ ಮನೆಯಲ್ಲಿ ದುಡಿದು ಬಂದವರು. ಮೊಣಕಾಲು ಸವೆದಿತ್ತು.

“ನನ್ನ ಅಜ್ಜನ ಹೆಸರು ಝೆಲಿಗ್,” ಎಂದರು ಅವರು. ತಾವು ನೋಡಿಕೊಂಡ ಮುದುಕನನ್ನು ಅವರು ಈಗಲೂ ನನ್ನ ಅಜ್ಜ ಎಂದೇ ಹೇಳುವುದು. “ಯುರೋಪಿನಲ್ಲಿ ಹದಿನೈದು ವರ್ಷಕ್ಕೆ ಮನೆಯವರನ್ನೆಲ್ಲ ಕಳ್ಕೊಂಡವ. ಬಾಗಿಲಿನ ಹತ್ತಿರ ಒಂದು ಚೀಲ ಯಾವಾಗಲೂ ತಯಾರಿರ್ಬೇಕು. ಉಣ್ಣೆ ಕಾಲುಚೀಲ, ಕಾಗದಪತ್ರ, ಒಂದು ಬ್ರೆಡ್. ಬ್ರೆಡ್ ಒಣಗಿದ್ರೆ ನಾನು ಬದಲಿಸ್ಬೇಕು. ಎಪ್ಪತ್ತು ವರ್ಷ ಆಗಿತ್ತು ಮಾರಾಯ್ರೆ, ಯುದ್ಧ ಮುಗಿದು! ಇದು ನಿಮ್ಮದೇ ದೇಶ ಅಲ್ವಾ, ಇನ್ನು ಎಂತಕ್ಕೆ ಚೀಲ ಅಂತ ಒಂದು ದಿನ ಕೇಳಿದೆ. ‘ಅಲ್ಲಿರುವಾಗ ಅದೂ ನಮ್ಮ ದೇಶ ಅಂತಲೇ ನನ್ನ ಅಪ್ಪ ಹೇಳ್ತಿದ್ದ’ ಅಂದ.”

ಗೋಡೆಯ ಕಡೆ ಮಲಗಿದ್ದ ರುಮೈಸಾ ಕಣ್ಣು ಬಿಟ್ಟಳು.

“ಅಜ್ಜನಿಗೆ ಇಂಜೆಕ್ಷನ್ ಕೊಡ್ಲಿಕ್ಕೆ ಅಮಲ್ ಅಂತ ಒಬ್ಬಳು ನರ್ಸ್ ಬರ್ತಿದ್ಲು. ಅರಬಿ ಹುಡುಗಿ. ಅಜ್ಜಿ ಮುತ್ತಜ್ಜಿಯ ಕಾಲದಿಂದ ಅದೇ ಊರಿನವರು. ಅವಳು ಬಿಟ್ಟು ಬೇರೆಯವರು ಬಂದ್ರೆ ಅಜ್ಜ ಕೈಯೇ ಕೊಡುದಿಲ್ಲ. ಸರ್ ಹೇಳಿದ್ರಲ್ಲ, ಆ ಕಾನೂನು ಬಂದ ಮಾರನೆ ದಿನ ಅವಳು ಬಂದ್ಲು. ಯಾವಾಗಿನ ಹಾಗೆ ಬಿಪಿ ನೋಡಿದ್ಲು, ಸೂಜಿ ಹಾಕಿದ್ಲು. ಹೋಗುವಾಗ ಮೆಟ್ಟಿಲಲ್ಲಿ ಹೇಳಿದ್ಲು, ‘ಬಾಡಿಗೆಗೆ ಕೂತವರಿಗೂ ನೀರು, ಕರೆಂಟು ಎಲ್ಲ ಸಮ ಬರ್ತದೆ ಒಲಿವಿಯಾ. ಆದ್ರೆ ನಾನು ಬಾಡಿಗೆಗೆ ಬಂದವಳಲ್ಲ.’”

“ಅಜ್ಜ ಎಂತ ಹೇಳಿದ್ರು ಟೀಚರ್?” ಡ್ಯಾಫ್ನಿ ಕೇಳಿದಳು.

“ಅಜ್ಜನಿಗೆ ಯಾರು ಹೇಳಿದ್ದು? ಮಾರನೆ ದಿನವೂ ಅವಳೇ ಬಂದ್ಲು, ಕೈ ಕೊಟ್ಟ.”

“ಸಾಕು ಸಾಕು,” ವಿಶ್ವೇಶ ಸರ್ ನಕ್ಷೆ ಸುತ್ತತೊಡಗಿದರು. “ಪಾಲಿಟಿಕ್ಸ್ ಇಲ್ಲಿ ಬೇಡ. ಅಂಡು ತೊಳೆಯುವ ಕೆಲಸಕ್ಕೆ ಹೋಗುವವರು ನೀವು.”

*

ರುಮೈಸಾ ಬಂದರಿನಿಂದ ದೋಣಿ ಹತ್ತಿ ಬೆಂಗ್ರೆಯ ಮನೆಗೆ ಬಂದಾಗ ಸಂಜೆ ಆರು. ಉಮ್ಮ ಮೈಮೂನಾ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ಅವಳ ಬೆನ್ನ ಹಿಂದೆ, ಬಾಗಿಲ ಮೊಳೆಗೆ ಒಂದು ರೆಕ್ಸಿನ್ ಚೀಲ. ಕಾಗದ ಕೇಳುತ್ತಾರೆ, ಇಲ್ಲದವರನ್ನು ದೇಶದಿಂದ ಹೊರಗೆ ಹಾಕುತ್ತಾರೆ ಎಂದು ಊರೆಲ್ಲ ಗುಲ್ಲೆದ್ದ ವರ್ಷ ಅದು ಅಲ್ಲಿಗೆ ಬಂದದ್ದು. ರೇಷನ್ ಕಾರ್ಡು, ಆಧಾರ್, ಸತ್ತ ಗಂಡನ ಮೀನುಗಾರರ ಕಾರ್ಡು, ಮನೆ ತೆರಿಗೆ ಚೀಟಿ, ಆಮೇಲೆ ಉಮ್ಮ ಹೋಗಿ ತಂದ ರುಮೈಸಾಳ ಕಾಲೇಜಿನ ಟಿ.ಸಿ. ಗುಲ್ಲು ತಣ್ಣಗಾದರೂ ಚೀಲ ಮೊಳೆಯಿಂದ ಇಳಿಯಲಿಲ್ಲ. ಮಳೆಗಾಲ ಬರುವ ಮೊದಲು ಉಮ್ಮ ಅದಕ್ಕೆ ಹೊಸ ಪ್ಲಾಸ್ಟಿಕ್ ಸುತ್ತುತ್ತಾಳೆ.

ರುಮೈಸಾ ಆ ಚೀಲವನ್ನು ಇಂದು ಮೊದಲ ಸಲ ನೋಡುವವಳ ಹಾಗೆ ನೋಡುತ್ತ ನಿಂತಳು.

“ಎಂತ ನೋಡುದು?” ಎಂದಳು ಉಮ್ಮ.

“ಅಲ್ಲೊಬ್ಬ ಯಹೂದಿ ಅಜ್ಜನ ಮನೆಯಲ್ಲೂ ಇಂಥದ್ದೇ ಚೀಲ ಇತ್ತಂತೆ.”

“ಪುನಃ ಅದೇ ದೇಶದ ಸುದ್ದಿಯಾ? ನಿನ್ನ ಮಂಡೆ ಸರಿ ಉಂಟಾ?” ಉಮ್ಮನ ಬೆರಳು ಮಾತ್ರ ನಿಲ್ಲಲಿಲ್ಲ. “ಪಳ್ಳಿಯಲ್ಲಿ ಶುಕ್ರವಾರ ಶುಕ್ರವಾರ ಗಾಝಾದ ಮಕ್ಕಳಿಗೆ ದುಆ ಮಾಡುದು, ನನ್ನ ಮಗಳು ಹೋಗಿ ಆ ದೇಶದ ಮುದುಕರ ಅಂಡು ತೊಳೆಯುದು. ಜನ ಮುಖಕ್ಕೆ ಉಗೀತಾರೆ.”

“ಮುದುಕರ ಅಂಡಿಗೆ ಯಾವ ದೇಶ ಉಮ್ಮ?”

“ಬಾಯಿ ಬಂತಲ್ಲ ಈಗ! ಹೋಗುದಾದ್ರೆ ಗಲ್ಫಿಗೆ ಹೋಗು.”

“ಅಲ್ಲಿಗೆ ಮನೆಕೆಲಸಕ್ಕೆ ಹೋಗ್ಲಿಕ್ಕೆ ಹೆಂಗಸರಿಗೆ ಮೂವತ್ತು ಆಗ್ಬೇಕಂತೆ. ನನಗೆ ಇಪ್ಪತ್ತೊಂದು.”

ಉಮ್ಮ ಇನ್ನೊಂದು ಬೀಡಿಯ ತುದಿ ಮಡಚಿದಳು. ಆ ದೇಶ ಬೇಕೆಂದು ರುಮೈಸಾಳಿಗೂ ಇರಲಿಲ್ಲ. ಉಮ್ಮನ ಮೊಬೈಲಿನಲ್ಲಿ ಬರುವ ಮಕ್ಕಳ ಚಿತ್ರಗಳನ್ನು ಅವಳೂ ನೋಡಿದ್ದಳು, ನೋಡಿ ಅನ್ನ ಬಿಟ್ಟಿದ್ದಳು. ಅವಳಿಗೆ ಬೇಕಾದದ್ದು ಆ ಪರೀಕ್ಷೆ. ಐದು ಬ್ಯಾಚಿಗೆ ಮೈ ಕೊಟ್ಟವಳು ಒಮ್ಮೆ ಮಂಚದ ಈಚೆ ಬದಿ ನಿಂತು, ಇವಳಿಗೆ ಕೆಲಸ ಗೊತ್ತುಂಟು ಎಂದು ಒಬ್ಬರ ಬಾಯಲ್ಲಿ ಕೇಳಬೇಕಿತ್ತು. ಆಮೇಲೆ ಹೋಗುವುದೋ ಬಿಡುವುದೋ ಅವಳೇ ಹೇಳುವ ಮಾತು. ಹೋದರೆ ಅಮಲ್‌ ಎಂಬವಳನ್ನು ಹುಡುಕಬೇಕು ಎಂದೂ ಒಂದು ಆಸೆ ಅಂದಿನ ಕ್ಲಾಸಿನಿಂದ ಸೇರಿಕೊಂಡಿತ್ತು.

ಸ್ವಲ್ಪ ಹೊತ್ತಿನ ಮೇಲೆ ಉಮ್ಮನೇ ಗೆರಸೆ ಬದಿಗಿಟ್ಟು ಎದ್ದಳು. ಕಿಟಕಿಯ ಮೇಲಿದ್ದ ಹೊಸ ಪಾಸ್‌ಪೋರ್ಟನ್ನು ಸೆರಗಿನಿಂದ ಒರೆಸಿ, ಚೀಲದೊಳಗೆ ಟಿ.ಸಿ.ಯ ಪಕ್ಕದಲ್ಲಿ ಇಟ್ಟಳು.

“ಇಂಟರ್‌ವ್ಯೂ ಯಾವಾಗ?”

“ಸೋಮವಾರ.”

“ಆ ನೀಲಿ ಚೂಡಿದಾರ ಹಾಕು. ಇಸ್ತ್ರಿ ಮಾಡಿಡ್ತೇನೆ.”

*

ಸೋಮವಾರ ಎರಡು ಗಂಟೆಗೆ ಮಂಚದ ಎದುರು ಲ್ಯಾಪ್‌ಟಾಪ್ ಇಟ್ಟರು. ಮಂಚದ ಕಾಲ್ಬದಿಗೆ ಒಂದು ರಟ್ಟಿನ ಚೀಟಿ ನೇತಾಡುತ್ತಿತ್ತು: ರೀಟಾ, ಎಪ್ಪತ್ತನಾಲ್ಕು ವರ್ಷ, ಎಡಭಾಗ ಪಾರ್ಶ್ವವಾಯು. ಅದು ಮೊದಲ ಬ್ಯಾಚಿನಿಂದ ಇದ್ದ ಚೀಟಿ.

“ತಲೆಬಟ್ಟೆ ತೆಗೆ,” ಎಂದರು ವಿಶ್ವೇಶ ಸರ್. “ಹೆಸರು ಕೇಳಿದ್ರೆ ಗೊತ್ತುಂಟಲ್ಲ?”

“ರೀಟಾ.”

ನಾಲ್ಕು ವರ್ಷದ ಹಿಂದೆ ಕಾಲೇಜಿನ ಗೇಟಿನಲ್ಲಿ ತಡೆದವರೂ ತಲೆಬಟ್ಟೆ ತೆಗೆ ಎಂದೇ ಹೇಳಿದ್ದರು. ಅಂದು ತೆಗೆಯಲಾರದೆ ಹಿಂದೆ ತಿರುಗಿದವಳು ಮತ್ತೆ ಆ ರಸ್ತೆಗೆ ಹೋಗಿರಲಿಲ್ಲ. ಇಲ್ಲಿ ಪ್ರತಿ ಬ್ಯಾಚಿಗೆ ಒಂದು ಸಲ ತೆಗೆಯುತ್ತಾಳೆ. ತೆಗೆದು, ಮಡಚಿ, ದಿಂಬಿನ ಅಡಿಗೆ ಇಡುತ್ತಾಳೆ. ಇಂದೂ ಇಟ್ಟಳು. ಇಂದೇ ಕೊನೆಯ ಸಲ ಎಂದುಕೊಂಡಿದ್ದರಿಂದ ಅಷ್ಟೊಂದು ಕಷ್ಟವಾಗಲಿಲ್ಲ.

ಪರದೆಯ ಮೇಲೆ ಒಬ್ಬ ಹೆಂಗಸು ಕಾಣಿಸಿಕೊಂಡಳು. ನರೆಗೂದಲು, ಕತ್ತಿಗೆ ತೂಗುಬಿಟ್ಟ ಕನ್ನಡಕ, ಕೈಯಲ್ಲಿ ಪೆನ್ನು. ಅವಳು ಇಂಗ್ಲಿಷಿನಲ್ಲೂ ಹೀಬ್ರೂವಿನಲ್ಲೂ ಕೇಳಿದ್ದನ್ನು ಒಲಿವಿಯಾ ಟೀಚರ್ ಕನ್ನಡದಲ್ಲಿ ಹೇಳುತ್ತಿದ್ದರು. ಮೊದಲು ಲಿಲ್ಲಿ. ರೋಗಿಯನ್ನು ಗಾಲಿಕುರ್ಚಿಗೆ ಕೂರಿಸಬೇಕು. ಲಿಲ್ಲಿ ಮತ್ತೆ ಕಂಕುಳಿಗೇ ಕೈ ಹಾಕಿದಳು. ರುಮೈಸಾಳ ಹಿಮ್ಮಡಿ ತನ್ನ ಪಾಡಿಗೆ ತಾನು ಒತ್ತಿತು. ಪರದೆಯ ಹೆಂಗಸು ಏನನ್ನೋ ಬರೆದುಕೊಂಡು, ನಕ್ಕು, “ಥ್ಯಾಂಕ್ಯೂ ರೀಟಾ,” ಎಂದಳು.

ಒಬ್ಬೊಬ್ಬರಾಗಿ ಬೇರೆಯವರದೂ ಆದ ಮೇಲೆ ಹತ್ತು ನಿಮಿಷ ಬಿಡುವು. ಲ್ಯಾಪ್‌ಟಾಪಿನ ಧ್ವನಿ ನಿಲ್ಲಿಸಿದರು. ಉಳಿದವಳು ಡ್ಯಾಫ್ನಿ ಒಬ್ಬಳೇ. ರುಮೈಸಾ ಮಂಚದಿಂದ ಇಳಿದು ವಿಶ್ವೇಶ ಸರ್ ಬಳಿ ಹೋದಳು. ನೀಲಿ ಚೂಡಿದಾರದ ಇಸ್ತ್ರಿ ಮುದುಡಿತ್ತು. ಅದನ್ನು ಕೈಯಿಂದ ನೀವಿಕೊಂಡಳು.

“ಡ್ಯಾಫ್ನಿ ಆದ ಮೇಲೆ ನಾನಲ್ವಾ ಸರ್? ನನಗೆ ರೋಗಿ ಯಾರು ಆಗುದು?”

“ನೀನು ಎಂತ?”

“ಈ ಸಲ ನಿಲ್ಲಿಸ್ತೇನೆ ಅಂತ ಹೇಳಿದ್ರಿ.”

“ಓ, ಅದಾ!” ಅವರು ನಿಜವಾಗಿಯೂ ಮರೆತಿದ್ದರು. “ನೋಡುವ. ಮುಂದಿನ ಬ್ಯಾಚಿಗೆ ನೋಡುವ.”

“ಪಾಸ್‌ಪೋರ್ಟ್ ತಂದಿದ್ದೇನೆ.”

“ಅದರಲ್ಲಿ ಹೆಸರು ಎಂತ ಉಂಟು ಅಂತ ಓದ್ಲಿಕ್ಕೆ ಬರ್ತದಾ ನಿನಗೆ? ಅಲ್ಲಿ ಯುದ್ಧ ಆಗ್ತಾ ಉಂಟು, ನಾನು ನಿನ್ನ ಫೈಲ್ ಕಳಿಸುದಾ? ನನ್ನ ಸೆಂಟರನ್ನೇ ಮುಚ್ಚಿಸ್ತಿ ನೀನು.”

“ನನ್ನಂಥವರು ಬೇಡ ಅಂತ ಅವರು ಹೇಳಿದ್ದಾರಾ ಸರ್?”

“ಹೇಳ್ಬೇಕಾ?”

“ಕೇಳಿದ್ದೀರಾ?”

ಅವಳ ಬಾಯಿಂದ ಇಷ್ಟು ಮಾತು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ಲಿಲ್ಲಿ ಬಾಚಣಿಗೆ ಹಿಡಿದ ಕೈ ಕೆಳಗಿಳಿಸಿದಳು.

“ಅಲ್ಲಿ ಅರಬರೂ ಸಮಾನ, ಡಾಕ್ಟರ್ ಆಗ್ತಾರೆ ಅಂತ ನೀವೇ ಹೇಳಿದ್ದು.”

“ಅದು ಕ್ಲಾಸಿಗೆ ಹೇಳುದು.”

“ನಾನು ಅರಬಿಯೂ ಅಲ್ಲ. ಬೆಂಗ್ರೆಯವಳು.”

“ನಿಮ್ಮದೆಲ್ಲ ಒಂದೇ, ಹೋಗು! ಪೊಕ್ಕಡೆ ತಲೆ ತಿನ್ಬೇಡ.” ವಿಶ್ವೇಶ ಸರ್ ಧ್ವನಿ ಏರಿತು. “ಸಂಬಳ ಕೊಡುದಿಲ್ವಾ ನಿನಗೆ? ಎಲ್ಲರ ಜೊತೆ ಊಟಕ್ಕೆ ಕೂರುದಿಲ್ವಾ? ಯಾರಾದ್ರೂ ಭೇದ ಮಾಡಿದ್ದಾರಾ ಇಲ್ಲಿ? ಕಸ ಗುಡಿಸುವವಳನ್ನು ಮಂಚದ ಮೇಲೆ ಮಲಗಿಸಿದ್ದು ನನ್ನ ತಪ್ಪು. ರಂಡೆ, ಮಲಗಿದವಳಿಗೆ ಮನೆಯೇ ಬೇಕಂತೆ.”

ರುಮೈಸಾ ಒಲಿವಿಯಾ ಟೀಚರ್ ಕಡೆ ನೋಡಿದಳು. ಟೀಚರ್ ತಮ್ಮ ಮೊಣಕಾಲು ಉಜ್ಜಿಕೊಳ್ಳುತ್ತಿದ್ದರು.

“ಅವರನ್ನು ಒಮ್ಮೆ ಕೇಳಿ ನೋಡ್ಬಹುದಲ್ವಾ,” ಎಂದಳು ರುಮೈಸಾ, ಯಾರಿಗೂ ಅಲ್ಲ ಎಂಬ ಹಾಗೆ.

“ಮಂಚಕ್ಕೆ ಹೋಗು. ಟೈಮ್ ಆಯ್ತು.”

ಅವಳು ಹೋಗಿ ಮಲಗಿದಳು. ಧ್ವನಿ ಬಂತು. ಪರದೆಯ ಹೆಂಗಸು ಕನ್ನಡಕ ಏರಿಸಿಕೊಂಡಳು. ಡ್ಯಾಫ್ನಿ ಕ್ರಮವಾಗಿಯೇ ಎಲ್ಲ ಮಾಡಿದಳು. ಕುರ್ಚಿಯ ಬ್ರೇಕು ಹಾಕಿದಳು, ರೋಗಿಗೆ ಹೀಬ್ರೂವಿನಲ್ಲಿ ವಂದನೆ ಹೇಳಿದಳು, ಮಗ್ಗುಲು ತಿರುಗಿಸಿ ಕಾಲು ಇಳಿಬಿಟ್ಟು ಕೂರಿಸಿದಳು. ಆಮೇಲೆ ಎತ್ತಲು ಎಳೆದಳು.

ರುಮೈಸಾಳ ಹಿಮ್ಮಡಿ ಅಲುಗಲಿಲ್ಲ.

ಡ್ಯಾಫ್ನಿ ಮತ್ತೊಮ್ಮೆ ಎಳೆದಳು. ಐವತ್ತೆಂಟು ಕಿಲೋ, ನೆನೆದ ಮರಳಿನ ಮೂಟೆಯ ಹಾಗೆ ಕೂತಿತ್ತು. “ಕಾಲು ಒತ್ತೇ,” ಡ್ಯಾಫ್ನಿ ಕಿವಿಯಲ್ಲಿ ಪಿಸುಗುಟ್ಟಿದಳು. ಅವಳ ಬೆವರು ರುಮೈಸಾಳ ಕೆನ್ನೆಗೆ ತಾಗಿತು. “ನಾನು ಎಂತ ಮಾಡಿದ್ದೇನೆ ನಿನಗೆ? ಒತ್ತೇ ಮಾರಾಯ್ತಿ, ನಿನ್ನ ಕಾಲಿಗೆ ಬೀಳ್ತೇನೆ.”

ಅವಳು ಏನೂ ಮಾಡಿರಲಿಲ್ಲ. ಮಾಡಿದವರು ಲ್ಯಾಪ್‌ಟಾಪಿನ ಹಿಂದೆ ನಿಂತು ಹಲ್ಲು ಕಚ್ಚುತ್ತಿದ್ದರು. ರುಮೈಸಾಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕಾಲು ಮಾತು ಕೇಳಲಿಲ್ಲ. ಅಷ್ಟು ದಿನ ಸುಳ್ಳು ಸುಳ್ಳೇ ಸತ್ತಿದ್ದ ಮೈ ಈಗ ನಿಜಕ್ಕೂ ಸತ್ತ ಹಾಗಿತ್ತು. ಮೂರನೆಯ ಸಲ ಎಳೆಯುವಾಗ ಡ್ಯಾಫ್ನಿಯ ಕೈ ಜಾರಿತು. ಅವಳು ಮಂಚದ ಕಂಬಿ ಹಿಡಿದು ಅಳತೊಡಗಿದಳು.

ಪರದೆಯ ಹೆಂಗಸು ಏನೋ ಕೇಳಿದಳು. ಯಾರೂ ಕನ್ನಡಕ್ಕೆ ತರಲಿಲ್ಲ.

ಆಗ ಎಪ್ಪತ್ತನಾಲ್ಕು ವರ್ಷದ, ಎಡಭಾಗ ಸತ್ತ ರೀಟಾ ಮಂಚದಿಂದ ಇಳಿದು ನಿಂತಳು. ದಿಂಬಿನ ಅಡಿಯಿಂದ ಬಟ್ಟೆ ತೆಗೆದು, ಕೊಡವಿ, ತಲೆಗೆ ಸುತ್ತಿ, ಗಲ್ಲದ ಅಡಿಯಲ್ಲಿ ಪಿನ್ನು ಚುಚ್ಚಿದಳು. ಡ್ಯಾಫ್ನಿಯ ಭುಜ ಹಿಡಿದಳು.

“ಮಲಗು.”

“ರುಮೈಸಾ, ಬೇಡ…”

“ಮಲಗು ಹೇಳಿದ್ದು.”

ಡ್ಯಾಫ್ನಿ ಮಲಗಿದಳು. ರುಮೈಸಾ ಕುರ್ಚಿಯ ಬ್ರೇಕನ್ನು ಮತ್ತೆ ಒತ್ತಿ ನೋಡಿದಳು. ಬೆನ್ನಡಿಯ ಬಟ್ಟೆಯ ಸುಕ್ಕು ಎಳೆದಳು. ಮುಖದ ಹತ್ತಿರ ಬಗ್ಗಿ, ನೋವಾಗುತ್ತದೆಯೇ ಎಂದು ಹೀಬ್ರೂವಿನಲ್ಲಿ ಕೇಳಿದಳು. ಲೆಆಟ್, ಲೆಆಟ್, ಮೆಲ್ಲಗೆ ಮೆಲ್ಲಗೆ ಎನ್ನುತ್ತ ಮಗ್ಗುಲು ತಿರುಗಿಸಿ ಕೂರಿಸಿದಳು. ತನ್ನ ಮೊಣಕಾಲನ್ನು ಅವಳ ಎರಡು ಮೊಣಕಾಲುಗಳ ನಡುವೆ ಊರಿ, ಕಂಕುಳನ್ನು ಬಿಟ್ಟು ಬೆನ್ನ ಮೇಲೆ ಎರಡೂ ಅಂಗೈ ಹರಡಿ, ಅಹತ್, ಶ್ತಾಯಿಮ್, ಶಲೋಶ್ ಎಂದು ಮೂರು ಎಣಿಸಿ ಎದ್ದಳು. ಡ್ಯಾಫ್ನಿ ಕಾಲು ಒತ್ತಿರಲಿಲ್ಲ. ಅಳುವವಳ ಪೂರ್ತಿ ಭಾರ ತೂಗಿ ಬಂದು ಸದ್ದಿಲ್ಲದೆ ಕುರ್ಚಿಯಲ್ಲಿ ಕೂತಿತು. ರುಮೈಸಾ ಅವಳ ಪಾದಗಳನ್ನು ಒಂದೊಂದಾಗಿ ಎತ್ತಿ ಹಲಗೆಯ ಮೇಲಿಟ್ಟಳು. ಕೆನ್ನೆ ಒರೆಸಿದಳು.

ಆಮೇಲೆ ಕಾಲ್ಬದಿಯ ರಟ್ಟಿನ ಚೀಟಿ ಕಿತ್ತು ಕೈಯಲ್ಲಿ ಹಿಡಿದು, ಪರದೆಯ ಕಡೆ ತಿರುಗಿದಳು.

“ಶ್ಮಿ ರುಮೈಸಾ,” ಎಂದಳು. ನನ್ನ ಹೆಸರು ರುಮೈಸಾ.

ಮುಂದಿನ ಮಾತಿಗೆ ಅವಳ ಬಳಿ ಹೀಬ್ರೂ ಇರಲಿಲ್ಲ. ಐದು ಬ್ಯಾಚಿನಲ್ಲೂ ಆ ವಾಕ್ಯವನ್ನು ಯಾರಿಗೂ ಕಲಿಸಿರಲಿಲ್ಲ. ಅವಳು ಒಲಿವಿಯಾ ಟೀಚರ್ ಕಡೆ ನೋಡಿದಳು.

“ಟೀಚರ್, ನನ್ನ ಹೆಸರನ್ನೂ ಬರ್ಕೊಳ್ಳಿ ಅಂತ ಅವರಿಗೆ ಹೇಳಿ.”

ವಿಶ್ವೇಶ ಸರ್ ಕೈ ಲ್ಯಾಪ್‌ಟಾಪಿನ ಮುಚ್ಚಳದ ಮೇಲಿತ್ತು. ಮುಚ್ಚಿದರೆ ಲಿಲ್ಲಿ ಮೊದಲಾದವರ ಆಯ್ಕೆಯೂ ಹೋಗುತ್ತದೆ, ಆದ್ದರಿಂದ ಮುಚ್ಚಲಿಲ್ಲ. ಒಲಿವಿಯಾ ಟೀಚರ್ ಬಾಯಿ ತೆರೆದರು, ಸರ್ ಮುಖ ನೋಡಿದರು, ಮಂಚದ ಬಟ್ಟೆಯ ಮೂಲೆಯನ್ನು ನೋಡತೊಡಗಿದರು. ಪರದೆಯ ಹೆಂಗಸಿನ ಪೆನ್ನು ಕಾಗದದ ಮೇಲೆ ನಿಂತಿತ್ತು. ಅವಳು ಕಾಯುತ್ತಿದ್ದಾಳೋ, ನೆಟ್‌ವರ್ಕ್ ಹೋಗಿ ಅವಳ ಮುಖ ಅಲ್ಲೇ ನಿಂತುಬಿಟ್ಟಿದೆಯೋ ಗೊತ್ತಾಗಲಿಲ್ಲ.

ಕೆಳಗೆ ರಸ್ತೆಯಲ್ಲಿ ಬಸ್ಸಿನ ಕಂಡಕ್ಟರ್ ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್ ಎಂದು ಕೂಗಿ ಹೋದ.

“ಟೀಚರ್,” ರುಮೈಸಾ ಇನ್ನೊಮ್ಮೆ ಹೇಳಿದಳು. “ಅವರಿಗೆ ಹೇಳಿ.”